ನೆಲ ಮುಟ್ಟದ ಕಾಲು

ಮುನಿಯಲ್ಲಪ್ಪನವರ ಎಡಗಾಲಿನ ಚಪ್ಪಲಿ ಹೆಬ್ಬೆರಳಿಗೆ ಸಿಕ್ಕಿಕೊಂಡು ತೂಗುತ್ತಿದೆ, ಈಗ ಬೀಳುತ್ತದೆ, ಇಲ್ಲ, ಬೀಳಲಿಲ್ಲ — ನಮ್ಮೂರ ಹಾಲಿನ ಡೈರಿಗೆ ಹನ್ನೊಂದು ವರ್ಷದಿಂದ ಅಧ್ಯಕ್ಷರು, ಆಳು ಕುಳ್ಳ, ಕುರ್ಚಿ ಎತ್ತರ, ಕಾಲು ನೆಲ ಮುಟ್ಟುವುದಿಲ್ಲ, ಏನಮ್ಮಾ ತ್ರಿವೇಣಿ, ನಂಗೆ ಸಾಕಾಗೋಯ್ತು, ಸೆಕ್ರೆಟರಿ ಕೆಲಸ ಬಿಟ್ಟು ಎಲೆಕ್ಷನ್‌ಗೆ ನಿಂತ್ಕೋ, ಈ ಕುರ್ಚಿ ನಿಂದೇ, ಹಾಲು ಅಳೆದು ಮುಗಿಯೋಷ್ಟರಲ್ಲಿ ಹೇಳ್ಬಿಡು ಎಂದರು, ಕ್ಯಾನುಗಳ ಸಾಲು ವಕ್ಕಲೇರಿ ರಸ್ತೆಯ ಹೊಂಗೆಮರದವರೆಗಿದೆ, ಸಾಲಿನಲ್ಲಿ ಅಮ್ಮ, ಒಪ್ಕೊಳ್ಳೇ, ಗೋಡೆ ಮೇಲೆ ಫೋಟೊ ಹಾಕ್ತಾರೆ, ಫೋಟೊ ಸತ್ತೋರಿಗೂ ಹಾಕ್ತಾರೆ ಕಣಮ್ಮ — ಮುಂದಿನ ಕ್ಯಾನು ಡೈರೆಕ್ಟರು ಚನ್ನರಾಯಪ್ಪನದು, ಹಾಲು ಪರೀಕ್ಷೆಯ ಯಂತ್ರದ ಅಂಕಿ ನೋಡಿ ನಗು ಬಂತು, ಅಣ್ಣಾ, ಹಸು ಕರೆದ್ರಾ ಬೋರ್‌ವೆಲ್ ಕರೆದ್ರಾ, ವಾಪಸ್ ತಗೊಂಡೋಗಿ, ಇವಳ ಬಾಯಿ ನೋಡ್ರೀ ಎಂದು ಅವನು ಅಧ್ಯಕ್ಷರತ್ತ ತಿರುಗಿದ, ಅಧ್ಯಕ್ಷರು ನನ್ನತ್ತ ತಿರುಗಿದರು, ನಾನು ಬೇಡವೆಂದು ತಲೆಯಾಡಿಸಿದೆ, ಆಗಲ್ಲಪ್ಪಾ ಎಂದರು ಅವನಿಗೆ, ಇಷ್ಟೇ ನೋಡು, ಕೋಲಾರದ ಹಾಸ್ಟೆಲ್ ಲೈಬ್ರರಿಯಲ್ಲಿ ರಟ್ಟು ಕಿತ್ತ ಜಪಾನ್ ಚರಿತ್ರೆಯಲ್ಲಿ ಓದಿದ್ದೂ ಇದೇ, ಕಾಮಾಕುರಾದಲ್ಲಿ ಪಟ್ಟ ಶೋಗನ್ ಎಂಬ ಸೇನಾಧಿಪತಿಯದು, ಆಳಿದವರು ಹೋಜೊ ಮನೆತನದವರು, ಅವರ ಹುದ್ದೆಯ ಹೆಸರು ಶಿಕ್ಕೆನ್, ಅಂದರೆ ಶೋಗನ್ ಹೆಸರಲ್ಲಿ ಆಡಳಿತ ನಡೆಸುವವನು, ಶೋಗನ್ ವಂಶ ಮುಗಿದಾಗಲೂ ತಾವು ಏರಿ ಕೂರಲಿಲ್ಲ, ಕ್ಯೋಟೊದಿಂದ ಹಸುಗೂಸನ್ನು ತಂದು ಕೂರಿಸಿದರು, ಆಮೇಲೆ ನೂರಕ್ಕೂ ಹೆಚ್ಚು ವರ್ಷ ತಾವೇ ಆಳಿದರು, ಅಮ್ಮನಿಗೆ ಹೇಳಿದರೆ ಶಿಕ್ಕೆನ್ ನಾಲಿಗೆಗೆ ಹತ್ತಲಿಲ್ಲ, ಸಿಕ್ಕಾ ಅನ್ನೇ, ಮೊಹರು ಯಾರ ಕೈಲೋ ರಾಜ್ಯ ಅವರದ್ದು, ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದಳು, ಡೈರಿಯ ಮೊಹರು ನನ್ನ ಡ್ರಾಯರಿನಲ್ಲಿದೆ, ಬೀಗದಕೈ ನನ್ನ ಸೊಂಟದಲ್ಲಿ — ಆದರೂ ನಿನ್ನೆ ಎಲ್ಲರೂ ಹೋದ ಮೇಲೆ ಆ ಕುರ್ಚಿಯಲ್ಲಿ ಕೂತು ನೋಡಿದೆ, ಚೆನ್ನಾಗಿತ್ತು, ಸುಳ್ಳೇಕೆ, ಬೆನ್ನಿಗೆ ಮೆತ್ತೆ, ತಲೆಯ ಮೇಲೆ ಫ್ಯಾನು, ಆದರೆ ಅಲ್ಲಿಂದ ಯಂತ್ರದ ಅಂಕಿ ಕಾಣುವುದಿಲ್ಲ, ಯಾರ ಹಾಲಿನಲ್ಲಿ ಎಷ್ಟು ನೀರು, ಗೊತ್ತೇ ಆಗುವುದಿಲ್ಲ, ಇಲ್ಲಿ ಸ್ಟೂಲಿನ ಮೇಲೆ, ಚೆಲ್ಲಿದ ಹಾಲಿನಲ್ಲಿ ಬರಿಗಾಲು ತಣ್ಣಗಿದೆ, ಹಾಯಾಗಿದೆ, ಅಮ್ಮನ ಕ್ಯಾನೇ ಕೊನೆಯದು, ಅಳೆದೆ, ಮುಚ್ಚಳ ಹಾಕಿದೆ, ಬೇಡ ತಾತಾ, ನೀವೇ ಇರಿ, ಥೂ ಇವಳ, ಎಂದಳು ಅಮ್ಮ, ಮುದುಕನಿಗೆ ಒಳಗೊಳಗೇ ಖುಷಿ, ಕಾಲು ಇನ್ನೂ ಜೋರಾಗಿ ತೂಗಿತು, ಕ್ಯೋಟೊದಿಂದ ತಂದ ಆ ಮಗುವಿನದೂ ಹೀಗೇ ತೂಗುತ್ತಿತ್ತೇನೋ, ಪುಸ್ತಕದಲ್ಲಿ ಬರೆದಿಲ್ಲ, ನಿನ್ನೆ ನನ್ನದೂ ತೂಗಿತ್ತು — ಟಪ್, ಚಪ್ಪಲಿ ಬಿತ್ತು, ಅವರು ಕೆಳಗೆ ನೋಡಿದರು, ಇಳಿಯಲಿಲ್ಲ, ನನ್ನತ್ತ ನೋಡಿದರು, ನೆಲದ ಮೇಲೆ ಒಂದು ಚಪ್ಪಲಿ, ಅದರ ಮೇಲೆ ಗೇಣುದ್ದ ಗಾಳಿ, ಗಾಳಿಯಲ್ಲಿ ಕಾಲು