ಪಥ್ಯವಿಲ್ಲದ ಸೂಜಿ

ದಂಡಿನಶಿವರದಲ್ಲಿ ತೆಂಗಿನಕಾಯಿ ಸುಲಿಯುವ ಈರಣ್ಣನ ತಂಡದಲ್ಲಿ ಹದಿನಾಲ್ಕು ಜನ. ಗಡ್ಡ ಹೆರೆಯುವುದಕ್ಕೆ ಮಾತ್ರ ಒಂದೇ ಬ್ಲೇಡು. ಅದು ಮೊಂಡಾಗುವವರೆಗೂ ಕೈಯಿಂದ ಕೈಗೆ ಓಡಾಡುತ್ತಿತ್ತು. 1999ರಲ್ಲಿ ತಂಡದ ಮಾಯಣ್ಣನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾದಾಗ, ಆ ಊರಿನ ನರ್ಸಾಗಿದ್ದ ನಾನು ಉಳಿದವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆ. ಅದು ರಕ್ತದಿಂದ ಹರಡುವ, ಲಿವರ್ ಹಾಳುಮಾಡುವ ಕಾಯಿಲೆ.

ಪುಣ್ಯಕ್ಕೆ ಉಳಿದ ಹದಿಮೂರು ಜನರಿಗೆ ಇನ್ನೂ ತಗುಲಿರಲಿಲ್ಲ. ಅವರಿಗೆ ಲಸಿಕೆ ಮೂರು ಸಲ ಬೀಳಬೇಕು: ಈಗೊಂದು, ತಿಂಗಳು ಬಿಟ್ಟು ಒಂದು, ಆರನೇ ತಿಂಗಳಿಗೆ ಒಂದು. ತಿಪಟೂರಿನ ಕೊಬ್ಬರಿ ವ್ಯಾಪಾರಿ ಮಹಮ್ಮದ್ ಇಸ್ಮಾಯಿಲ್ ಸಾಹೇಬರು ಮಂಡಿಯವರನ್ನೆಲ್ಲ ಕಾಡಿ ಬೇಡಿ ಲಸಿಕೆ ಕೊಡಿಸಿದರು. ಹಾಕುವ ಭಾರ ನನ್ನ ತಲೆಗೆ ಬಿತ್ತು.

ಮೊದಲ ಸಲ ಹದಿಮೂರೂ ಜನ ಬಂದರು. ತೋಳು ಉಜ್ಜಿಕೊಳ್ಳುತ್ತ ಈರಣ್ಣ ಕೇಳಿದ, "ಪಥ್ಯ ಏನ್ ಸಿಸ್ಟರ್?"

"ಏನೂ ಇಲ್ಲ. ಎಲ್ಲ ತಿನ್ನಿ."

ಅವನ ಮುಖ ಸಪ್ಪಗಾಯಿತು. ನನಗೆ ಆಗಲೇ ಹೊಳೆಯಬೇಕಿತ್ತು.

ಎರಡನೇ ಸಲ ಬಂದವರು ಇಬ್ಬರೇ. ನನಗೋ ಮೂಗಿನ ತುದಿಯಲ್ಲೇ ಕೋಪ. ಲಸಿಕೆಯ ಡಬ್ಬಿ ಹೊತ್ತುಕೊಂಡು ಅವರ ಶೆಡ್ಡಿಗೇ ನುಗ್ಗಿದೆ.

ಈರಣ್ಣ ಅಳುಕುತ್ತಲೇ ಹೇಳಿದ, "ಕಾಮಾಲೆಗೆ ಔಷ್ದಿ ಕೊಡೋ ಚಿಕ್ಕರಂಗಯ್ಯ ಉಪ್ಪು, ಎಣ್ಣೆ ಏನೂ ಮುಟ್ಟಂಗಿಲ್ಲ ಅಂತಾನೆ. ನಿಮ್ದು ಪಥ್ಯಾನೇ ಇಲ್ದಿರೋ ಸೂಜಿ. ಬರೀ ನೀರು ಚುಚ್ಚವ್ರೆ ಅಂತಾವ್ರೆ ನಮ್ಮೋರು."

"ಪಥ್ಯ ಬೇಕಾ? ತಗೊಳ್ಳಿ! ಕೊನೇ ಸೂಜಿವರ್ಗೂ ತೆಂಗಿನಕಾಯಿ ಬಾಯಿಗೆ ಹಾಕೋ ಹಾಗಿಲ್ಲ. ಒಬ್ಬರ ಬ್ಲೇಡು ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಒಂದು ತಪ್ಪಿದ್ರೂ ಔಷಧಿ ಕೆಟ್ಟುಹೋಗುತ್ತೆ!"

ಹನ್ನೊಂದು ಜನವೂ ತಕ್ಷಣ ಸಾಲಾಗಿ ನಿಂತರು. ಅಷ್ಟು ಭಕ್ತಿಯಿಂದ ನನ್ನ ಮುಂದೆ ಯಾರೂ ತೋಳು ಚಾಚಿರಲಿಲ್ಲ.

ತಂಡಕ್ಕೆ ಅಡುಗೆ ಮಾಡುತ್ತಿದ್ದವಳು ಈರಣ್ಣನ ಹೆಂಡತಿ ರಾಮಲಕ್ಷ್ಮಮ್ಮ. ಆಮೇಲೆ ಅವಳು ಬೀದಿಯಲ್ಲಿ ಸಿಕ್ಕಾಗಲೆಲ್ಲ ಜಗಳ. "ಕಾಯಿ ಹಾಕ್ದೆ ಸಾರು ಹೆಂಗ್ ಮಾಡ್ಲಿ ಕಣ್ರೀ? ಎಲ್ರೂ ತಟ್ಟೆ ನೋಡಿ ನನ್ ಮುಖ ನೋಡ್ತಾರೆ!" ನಾನು ಪಥ್ಯ ಸಡಿಲಿಸಲಿಲ್ಲ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಿತ್ತು. ಮೂರನೇ ಸೂಜಿ ತಪ್ಪೀತೆಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಮೂರನೇ ಸೂಜಿಯ ದಿನ ಹದಿಮೂರೂ ಜನ ಬೆಳಗ್ಗೆಯೇ ಹಾಜರು. ಆದರೆ ಒಬ್ಬೊಬ್ಬರೂ ನನ್ನ ಕಿವಿಯ ಹತ್ತಿರ ಬಗ್ಗುತ್ತಿದ್ದರು.

"ಕಿಬ್ಬನಹಳ್ಳಿ ಹೋಟ್ಲಲ್ಲಿ ಇಡ್ಲಿ ಜೊತೆ ಚಟ್ನಿ ತಿಂದ್ಬುಟ್ಟೆ," ಎಂದ ಗಂಗರಾಜು. "ಒಂದು ಸೂಜಿ ಜಾಸ್ತಿ ಹಾಕ್ಬುಡಿ. ಈರಣ್ಣಂಗೆ ಹೇಳ್ಬೇಡಿ."

ಇನ್ನೊಬ್ಬ ಅತ್ತೆಮನೆಯಲ್ಲಿ ಕಾಯಿ ಒಬ್ಬಟ್ಟು ತಿಂದಿದ್ದ. ಕೊನೆಗೆ ಬಂದ ಈರಣ್ಣ ಸುಲಿಯುವಾಗ ದಿನಾ ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದನಂತೆ. "ಯಜಮಾನನೇ ತಪ್ಪಿದ್ದು ಗೊತ್ತಾದ್ರೆ ಮಾನ ಹೋಯ್ತದೆ ಸಿಸ್ಟರ್!" ನಗು ತಡೆದುಕೊಂಡು ಸೂಜಿ ಹಾಕುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಎಲ್ಲರೂ ಹೋದ ಮೇಲೆ ನೋಡಿದರೆ ಬಾಗಿಲಲ್ಲಿ ಮಾಯಣ್ಣ ನಿಂತಿದ್ದ.

"ನಿನಗೆ ಈ ಸೂಜಿ ಇಲ್ವಲ್ಲಪ್ಪ," ಎಂದೆ.

"ಗೊತ್ತು ಸಿಸ್ಟರ್. ಆದ್ರೂ ನಾನೂ ಪಥ್ಯ ಮಾಡಿವ್ನಿ. ಐದು ತಿಂಗ್ಳು ಒಂದ್ ಚೂರು ಕಾಯಿ ಮುಟ್ಟಿಲ್ಲ. ಇವ್ರು ಕದ್ದು ತಿನ್ನೋದು ಕಾಣ್ತಿತ್ತು. ನಾನಾದ್ರೂ ಸರಿಯಾಗಿದ್ರೆ ಅವ್ರ ಔಷ್ದಿ ಕೆಡಾಕಿಲ್ಲ ಅಂತ."

ನನ್ನ ನಗು ಅಲ್ಲಿಗೇ ನಿಂತಿತು.

"ಕಾಯಿ ಮಾತು ಸುಳ್ಳು ಕಣಪ್ಪ. ಸಿಟ್ಟಲ್ಲಿ ಹೇಳಿಬಿಟ್ಟೆ. ಬ್ಲೇಡಿನದು ಮಾತ್ರ ನಿಜ."

ಅವನು ಕೇಳಿದ್ದು ಒಂದೇ, "ನನ್ನಿಂದ ಇವ್ರಿಗೆ ಕಾಯ್ಲೆ ಬರಾಕಿಲ್ಲ ತಾನೆ?"

"ಇನ್ನು ಹೆದರಬೇಡ."

"ಹಂಗಾದ್ರೆ ಸುಳ್ಳಾದ್ರೂ ಆಗ್ಲಿ, ಬುಡಿ," ಎಂದು ಅವನು ನಕ್ಕ. ನಾನು ಅತ್ತುಬಿಟ್ಟೆ.