ನಲವತ್ತೊಂದು ಕಡೆ

ನಲವತ್ತೊಂದು ಕಡೆ ಬದಲಾಯಿಸಲಾಗಿದೆ, ಎಂದಿತು ಕಂಪ್ಯೂಟರ್.

ಇಷ್ಟು ಬೇಗ ಮುಗಿದುಬಿಡುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಒಂದೊಂದಾಗಿ ಹುಡುಕಿ, ಒಂದೊಂದಾಗಿ ಅಳಿಸಿ, ನಡುನಡುವೆ ಒಂದಿಷ್ಟು ನೊಂದುಕೊಂಡು, ಹೇಗೋ ಸಂಜೆಯವರೆಗೆ ಎಳೆಯಬಹುದೆಂದು ಲೆಕ್ಕ ಹಾಕಿದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೆಸರು ಹೊರಗೆ ಬಂದಿತ್ತು. ಅದಿದ್ದ ಜಾಗದಲ್ಲೆಲ್ಲ ಸಂಶೋಧನಾ ಪತ್ರಿಕೆಯ ನಿಯಮಾವಳಿ ಹೇಳಿಕೊಟ್ಟ ಎರಡು ಪದ ಕೂತಿದ್ದವು: ಹೆಸರು ತೆಗೆದಿದೆ.

ಆಮೇಲೆ ತನ್ನ ಹೆಸರನ್ನೂ ಟೈಪು ಮಾಡಿ ಅದೇ ಗುಂಡಿ ಒತ್ತಿದ.

ಒಂದು ಕಡೆ ಬದಲಾಯಿಸಲಾಗಿದೆ, ಎಂದಿತು.

ಇಪ್ಪತ್ತೆಂಟು ಪುಟದ ಪ್ರಬಂಧ. ಬರೆದವನು ಅವನು. ಅವನ ಹೆಸರಿದ್ದದ್ದು ಮೊದಲ ಪುಟದ ನೆತ್ತಿಯ ಮೇಲೆ, ಅಷ್ಟೆ. ಅವನು ಯಾರ ಬಗ್ಗೆ ಬರೆದಿದ್ದನೋ ಆ ಟೀಚರ್ ಹೆಸರು ನಲವತ್ತೊಂದು ಕಡೆ. ಯಂತ್ರಕ್ಕೇನು, ಅದು ಎಣಿಸಿ ಹೇಳುತ್ತದೆ, ಅರ್ಥ ಗಿರ್ಥ ಅದರ ಕೆಲಸವಲ್ಲ. ಅವನು ಕಡತವನ್ನು ಉಳಿಸಿ, ಮುಚ್ಚಿ, ಕುರ್ಚಿಗೆ ಒರಗಿದ. ಹಿಂದೆ ಹನ್ನೊಂದು ಪ್ರತಿಗಳನ್ನಿಟ್ಟುಕೊಂಡು ಯಾವುದು ಹಳೆಯದು ಯಾವುದು ಹೊಸದು ತಿಳಿಯದೆ ತಲೆ ಚಚ್ಚಿಕೊಂಡವನು ಈಗ ಒಂದೇ ಪ್ರತಿ ಇಟ್ಟುಕೊಳ್ಳುತ್ತಿದ್ದ. ಜೀವನದಲ್ಲಿ ಅವನು ತಂದುಕೊಂಡಿದ್ದ ಶಿಸ್ತು ಅದೊಂದೇ.

ಗಂಟೆ ಎರಡೂವರೆ. ಪ್ರಬಂಧ ಸಲ್ಲಿಸುವವರಿಗೆ ಪತ್ರಿಕೆಯ ಬಾಗಿಲು ಐದಕ್ಕೆ ಮುಚ್ಚುತ್ತಿತ್ತು.

ಶಿಕ್ಷಕರ ತರಬೇತಿ ಕಾಲೇಜಿನ ಎರಡನೆಯ ಮಹಡಿಯಲ್ಲಿ ಅವನ ಕೋಣೆ. ಹದಿನಾಲ್ಕು ವರ್ಷದಿಂದ ಅಲ್ಲಿ ಕೂತು, ಮಕ್ಕಳಿಗೆ ಪಾಠ ಹೇಳುವುದು ಹೇಗೆಂದು ದೊಡ್ಡವರಿಗೆ ಹೇಳಿಕೊಡುತ್ತಿದ್ದ. ತಾನು ಮಕ್ಕಳಿಗೆ ಒಂದು ದಿನವೂ ಪಾಠ ಹೇಳಿದವನಲ್ಲ. ಅದನ್ನು ಯಾರೂ ಕೇಳಿರಲೂ ಇಲ್ಲ. ಕೆಳಗಿನ ಹಾಲ್‌ನಲ್ಲಿ ಮೂರು ದಿನದಿಂದ ನಲವತ್ತು ಮಂದಿ ಪ್ರೈಮರಿ ಟೀಚರುಗಳಿಗೆ ತರಬೇತಿ ನಡೆಯುತ್ತಿತ್ತು. ಆಗಾಗ ಒಟ್ಟಿಗೆ ಚಪ್ಪಾಳೆ ಬೀಳುತ್ತಿತ್ತು. ಯಾವುದಕ್ಕೆ ಎಂದು ಮೇಲಿದ್ದವನಿಗೆ ತಿಳಿಯುತ್ತಿರಲಿಲ್ಲ.

ಪ್ರಬಂಧಕ್ಕೆ ಮೂಲ ಒಂದು ನೋಟ್‌ಬುಕ್. ಮೂರನೆಯ ತರಗತಿಗೆ ಪಾಠ ಹೇಳುವ ಒಬ್ಬ ಟೀಚರ್, ಮಕ್ಕಳು ಕೇಳಿದ, ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಹನ್ನೊಂದು ವರ್ಷ ಅದರಲ್ಲಿ ಬರೆದಿಟ್ಟಿದ್ದಳು. ಏನೂ ಇಲ್ಲದ್ದಕ್ಕೆ ಸೊನ್ನೆ ಅಂತ ಹೆಸರು ಯಾಕೆ ಟೀಚರ್? ನಿನ್ನೆ ಎಲ್ಲಿಗೆ ಹೋಗುತ್ತೆ? ತಪ್ಪು ಬರೆದದ್ದನ್ನ ರಬ್ಬರ್ ಅಳಿಸಿದ್ರೆ ಆ ತಪ್ಪು ರಬ್ಬರಿನೊಳಗೆ ಇರುತ್ತಾ? ಪಕ್ಕದಲ್ಲಿ, ಆಗ ತಾನೇನು ಮಾಡಿದೆ ಎನ್ನುವುದು ಒಂದೇ ಸಾಲಿನಲ್ಲಿ. ರಬ್ಬರಿನ ಪ್ರಶ್ನೆಯ ಪಕ್ಕ ಹೀಗಿತ್ತು: ಗೊತ್ತಿಲ್ಲ ಎಂದೆ. ಕತ್ತರಿಸಿ ನೋಡಿದೆವು.

ಓದಿದ ದಿನ ಅವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂದಿತ್ತು. ಎರಡು ವರ್ಷದ ಹಿಂದಿನ ಮಾತು. ಆ ಶಾಲೆಯ ಸ್ಟಾಫ್ ರೂಮಿನಲ್ಲಿ, ಯಾರೂ ಕೇಳದೆಯೇ, ಅವನೇ ಅಂದಿದ್ದ: “ಇದು ಇಬ್ಬರ ಹೆಸರಲ್ಲೂ ಬರುತ್ತೆ ಟೀಚರ್. ನಿಮ್ಮದು, ನನ್ನದು.”

ಅವಳು ನಾಚಿಕೊಂಡು, “ನಂದ್ಯಾಕೆ ಸರ್” ಎಂದಿದ್ದಳು. ಆದರೆ ಬೇಡ ಎಂದಿರಲಿಲ್ಲ.

ಆಮೇಲೆ ಅವನು ಆ ಪ್ರಶ್ನೆಗಳ ಸುತ್ತ ಸಿದ್ಧಾಂತ ಕಟ್ಟಿದ, ಮೂರು ಕೋಷ್ಟಕ ಹಾಕಿದ, ಎಂಬತ್ತಾರು ಉಲ್ಲೇಖ ಜೋಡಿಸಿದ. ಮೊದಲ ಪತ್ರಿಕೆ ಎಂಟು ತಿಂಗಳು ಇಟ್ಟುಕೊಂಡು, ಹೊಸದೇನಿಲ್ಲ ಎಂದು ಹಿಂದಿರುಗಿಸಿತು. ಎರಡನೆಯದು ಏಳು ತಿಂಗಳಾದ ಮೇಲೆ, ತೀರಾ ಹೊಸದು, ಆಧಾರ ಸಾಲದು ಎಂದಿತು. ಇದು ಮೂರನೆಯದು. ಬಡ್ತಿಯ ಕಡತ ಇಂಥ ಒಂದು ಪ್ರಬಂಧಕ್ಕಾಗಿ ಮೂರು ವರ್ಷದಿಂದ ಬಾಯಿ ತೆರೆದುಕೊಂಡು ಕೂತಿತ್ತು.

ಫೋನ್ ಬಡಿದುಕೊಂಡಿತು. ಹೆಂಡತಿ.

“ಊಟದ ಡಬ್ಬಿ ಇಲ್ಲೇ ಬಿಟ್ಟು ಹೋಗಿದೀರಲ್ರೀ.”

“ಹೌದಾ.”

“ಏನಾದ್ರೂ ತಿಂದ್ರಾ?”

“ಹೂಂ.” ತಿಂದಿರಲಿಲ್ಲ.

“ಇವತ್ತಾದ್ರೂ ಆ ಪೀಡೆ ತೊಲಗುತ್ತಾ?”

“ಐದು ಗಂಟೆಯೊಳಗೆ.”

“ಆ ಟೀಚರ್ ಹೆಸರು ಹಾಕಿದ್ರಿ ತಾನೆ?”

“ನೋಡೋಣ.”

“ನೋಡೋದೇನು? ಮಾತು ಕೊಟ್ಟಿದ್ರಿ.”

“ಯಾರೋ ಬಂದ್ರು, ಇಡ್ತೀನಿ” ಎಂದ. ಸುಳ್ಳು ಹೇಳಿ ಫೋನ್ ಇಡುವಷ್ಟರಲ್ಲಿ ಅದು ನಿಜವಾಗಿತ್ತು. ಬಾಗಿಲಲ್ಲಿ ವಿಭಾಗದ ಮುಖ್ಯಸ್ಥರು ನಿಂತಿದ್ದರು.

ಮುಖ್ಯಸ್ಥರು ಯಾವ ಕೋಣೆಗೂ ಪೂರ್ತಿ ಒಳಗೆ ಬರುವವರಲ್ಲ. ಅರ್ಧ ಒಳಗೆ, ಅರ್ಧ ಕಾರಿಡಾರಿನಲ್ಲಿ. ಯಾವ ಮಾತಿನಿಂದ ಬೇಕಾದರೂ ಹಾಗೆಯೇ ಹಿಂದಕ್ಕೆ ಸರಿಯಬಹುದಲ್ಲ.

“ಆಯ್ತೇನ್ರೀ?”

“ಆಗ್ತಾ ಇದೆ ಸರ್.”

“ನನ್ನ ಹೆಸರಿನ ಹಿಂದೆ ಡಾಕ್ಟರ್ ಗೀಕ್ಟರ್ ಹಾಕಬೇಡಿ. ಆಡಂಬರ ನನಗೆ ಆಗಲ್ಲ.”

“ಸರಿ ಸರ್.” ಮುಖ್ಯಸ್ಥರು ಈ ಪ್ರಬಂಧಕ್ಕಾಗಿ, ಸಾರಾಂಶದಲ್ಲಿದ್ದ ಒಂದು ಅಲ್ಪವಿರಾಮವನ್ನು ಎತ್ತಿ ಪಕ್ಕದ ವಾಕ್ಯಕ್ಕೆ ಹಾಕಿಕೊಟ್ಟಿದ್ದರು. ಕಾಲೇಜಿನ ಅನುಮತಿ ಪತ್ರಕ್ಕೆ ಸಹಿ ಮಾಡಬೇಕಾದವರೂ ಅವರೇ.

“ಮೂರನೇ ಹೆಸರು ಅಂತಿದ್ರಲ್ಲ, ಏನಾಯ್ತು?”

“ಅವರ ನೋಟ್‌ಬುಕ್ ಸರ್ ಅದು. ಅವರಿಲ್ಲದಿದ್ರೆ...”

“ಅಲ್ರೀ, ನೂಲು ಕೊಟ್ಟವರ ಹೆಸರನ್ನ ಸೀರೆ ಮೇಲೆ ಬರೀತಾರಾ?” ಮುಖ್ಯಸ್ಥರು ತಮ್ಮ ಮಾತಿಗೆ ತಾವೇ ನಕ್ಕರು. “ಮೂರು ಹೆಸರಾದ್ರೆ ಬಡ್ತಿ ಲೆಕ್ಕಕ್ಕೆ ಬರಲ್ಲ. ನಿಯಮ ನಾನು ಮಾಡಿದ್ದಲ್ಲ. ಬೇಕಿದ್ರೆ ನನ್ನ ಹೆಸರೇ ತೆಗೀರಿ, ನನಗೇನಾಗ್ಬೇಕು ಇದರಿಂದ?”

“ಛೆ, ಛೆ, ಹಾಗಲ್ಲ ಸರ್.”

“ಕೃತಜ್ಞತೆ ಅಂತ ಒಂದು ಜಾಗ ಇರುತ್ತೆ ನೋಡಿ, ಅಲ್ಲಿ ಹಾಕಿ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು.” ಕಾರಿಡಾರಿನಲ್ಲಿದ್ದ ಅರ್ಧ, ಒಳಗಿದ್ದ ಅರ್ಧವನ್ನು ಎಳೆದುಕೊಂಡು ಹೊರಟುಹೋಯಿತು.

ಹಾವು ಯಾರು ಎಂದು ಅವನು ಯೋಚಿಸಲಿಲ್ಲ. ಅಷ್ಟು ಚೈತನ್ಯ ಉಳಿದಿರಲಿಲ್ಲ. ಪತ್ರಿಕೆಯ ಫಾರಂ ತೆರೆದ. ಹೆಸರು, ಹುದ್ದೆ, ವಿಳಾಸ, ಪದಗಳ ಸಂಖ್ಯೆ, ಆರು ಮುಖ್ಯಪದಗಳು. ಪ್ರಬಂಧದಲ್ಲಿ ಯಾರ ಹೆಸರೂ ಇರಕೂಡದು. ಓದಿ ತೀರ್ಪು ಕೊಡುವವರಿಗೆ ಬರೆದವರು ಯಾರೆಂದು ಗೊತ್ತಾಗಬಾರದು. ಹೆಸರುಗಳೆಲ್ಲ ಈ ಫಾರಂನಲ್ಲಿ ಮಾತ್ರ. ಏಳನೆಯ ಪುಟದಲ್ಲಿ ಕೃತಜ್ಞತೆಯ ಚೌಕ ಬಂತು. ಅವನು ಟೀಚರ್ ಹೆಸರು ಬರೆದ. ಹನ್ನೊಂದು ವರ್ಷಗಳ ಶ್ರದ್ಧೆಗೆ ಎಂದು ಬರೆದ. ಶ್ರದ್ಧೆ ಸಾಲದೆನಿಸಿತು, ತಪಸ್ಸು ಎಂದ. ತಪಸ್ಸು ಹೆಚ್ಚಾಯಿತು. ಹೀಗೆ ಪದ ತೂಗುತ್ತ ಕೂತಿದ್ದಾಗ ಪರದೆ ಒಮ್ಮೆ ಬೆಳ್ಳಗಾಗಿ, ತಾವು ಬಹಳ ಹೊತ್ತು ಸುಮ್ಮನಿದ್ದುದರಿಂದ ಮೊದಲಿನಿಂದ ಪ್ರಾರಂಭಿಸಬೇಕೆಂದು ವಿನಯದಿಂದ ತಿಳಿಸಿತು.

ಮತ್ತೆ ಹೆಸರು, ಹುದ್ದೆ, ವಿಳಾಸ. ಎರಡನೆಯ ಸಲ ಕೃತಜ್ಞತೆಯ ಚೌಕ ಬಂದಾಗ ಗಂಟೆ ನಾಲ್ಕು ದಾಟಿತ್ತು. ಒಪ್ಪಿಗೆಯಾದ ಮೇಲೆ ಹಾಕಿದರಾಯಿತು, ಎಂದುಕೊಂಡು ಮುಂದಕ್ಕೆ ಹೋದ. ದ್ವೇಷವಿರಲಿಲ್ಲ, ದುರಾಸೆಯೂ ಅಂಥದ್ದೇನಿರಲಿಲ್ಲ. ಸಾಕಾಗಿತ್ತು, ಅಷ್ಟೆ.

“ಒಳಗೆ ಬರ್ಲಾ ಸರ್?”

ತಲೆಯೆತ್ತಿದ. ಟೀಚರ್. ಕೈಯಲ್ಲಿ ಬಿಸಿಲಿಗೆಂದು ತಂದ ಕಪ್ಪು ಕೊಡೆ, ಹೆಗಲಲ್ಲಿ ಚೀಲ. ನೋಟ್‌ಬುಕ್ಕಿಗೆ ಇವತ್ತು ಬರುತ್ತೇನೆಂದು ಹೇಳಿದ್ದಳು. ಅವನಿಗೆ ಮರೆತೇಹೋಗಿತ್ತು.

“ಬನ್ನಿ ಟೀಚರ್, ಕೂತ್ಕೊಳ್ಳಿ. ಒಂದು ಫೋನ್ ಮಾಡೋದಲ್ವಾ?”

“ಶಾಲೇಲಿ ಆಫ್ ಮಾಡಿಡ್ತೀನಲ್ಲ ಸರ್, ಮನೆಗೆ ಹೋಗಿ ಮಲಗೋವರೆಗೂ ಆನ್ ಮಾಡೋದೇ ಮರೆತಿರುತ್ತೆ. ಮಗಳ ಹತ್ರ ದಿನಾ ಬೈಸ್ಕೋತೀನಿ.” ಕೂತಳು. “ಈ ತಿಂಗಳು ಕೊನೆಗೆ ನನ್ನದು ಮುಗೀತು ಸರ್, ನಿವೃತ್ತಿ. ಇನ್ನೂ ನಾಲ್ಕು ಪುಟ ಉಳಿದಿತ್ತಲ್ಲ ಅದರಲ್ಲಿ, ತುಂಬಿಸೋಣ ಅಂತ. ಇವತ್ತು ಒಂದು ಹುಡುಗಿ ಕೇಳಿದ್ಲು, ಬರೆಯೋಕೆ ಪುಸ್ತಕ ಇಲ್ಲ. ನೋಡಿ, ಕೈಮೇಲೆ ಬರ್ಕೊಂಡಿದೀನಿ.”

ಅಂಗೈ ಚಾಚಿದಳು. ಬೆವರಿಗೆ ಶಾಯಿ ಹರಡಿ ಓದಲು ಬರುವಂತಿರಲಿಲ್ಲ.

“ಏನು ಕೇಳಿದ್ಲು?”

“ಮುಂದಿನ ತಿಂಗಳಿಂದ ನೀವು ಟೀಚರ್ ಅಲ್ಲ ಅಂದ್ರೆ, ದಾರೀಲಿ ಸಿಕ್ಕಿದಾಗ ನಿಮ್ಮನ್ನ ಏನಂತ ಕರೀಬೇಕು ಅಂತ.”

ಅವನು ನಕ್ಕ. “ನೀವೇನಂದ್ರಿ?”

“ಗೊತ್ತಿಲ್ಲಮ್ಮ ಅಂದೆ.” ಅವಳೂ ನಕ್ಕಳು. ಆಮೇಲೆ ಚೀಲದ ಪಟ್ಟಿಯನ್ನು ಸುತ್ತುತ್ತ, “ಸಲ್ಲಿಸಿಬಿಟ್ರಾ ಸರ್?”

“ಇನ್ನೇನು, ಈಗ.”

“ಬಾಯಿ ತಡೀಲಾರದೆ ಸ್ಟಾಫ್ ರೂಮಲ್ಲಿ ಹೇಳಿಬಿಟ್ಟಿದೀನಿ. ನಮ್ಮ ಹೆಡ್‌ಮಿಸ್ಸು ಬೀಳ್ಕೊಡುಗೆ ದಿನ ಭಾಷಣದಲ್ಲಿ ಹೇಳ್ತಾರಂತೆ. ಮೂವತ್ತಾರು ವರ್ಷದಲ್ಲಿ ಹಾಜರಿ ಪುಸ್ತಕ ಬಿಟ್ರೆ ಎಲ್ಲೂ ನನ್ನ ಹೆಸರು ಬಂದಿಲ್ಲ ನೋಡಿ. ಬರುತ್ತೆ ಅಲ್ವಾ ಸರ್?”

ಅವನು ಪ್ರಬಂಧ ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದ.

“ನೋಡಿ ಟೀಚರ್. ಈಗ ಯಾರ ಹೆಸರೂ ಇರಬಾರದು. ನನ್ನದೂ ಇಲ್ಲ. ಅದು ಪದ್ಧತಿ.”

ಅವನು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಅವಳು ಕನ್ನಡಕ ಹಾಕಿಕೊಂಡು, ಮಕ್ಕಳ ಉತ್ತರ ಪತ್ರಿಕೆ ಓದುವ ಹಾಗೆ ಬೆರಳಿಟ್ಟು ಓದಿದಳು.

“‘ಹೆಸರು ತೆಗೆದಿದೆ ಅವರು ಮಗುವಿನ ಕೈಯಿಂದ ರಬ್ಬರ್ ತೆಗೆದುಕೊಂಡು ಎರಡು ತುಂಡು ಮಾಡಿದರು.’ ಇದು ನಾನೇ ಅಲ್ವಾ ಸರ್?”

“ನೀವೇ.”

“ಅಯ್ಯೋ, ನಿಮ್ಮದೂ ಇಲ್ವಲ್ಲ, ಪಾಪ. ಇಷ್ಟು ಕಷ್ಟಪಟ್ಟಿದೀರಿ.” ಅವಳಿಗೆ ನಿಜವಾಗಿಯೂ ಬೇಜಾರಾಗಿತ್ತು. “ಹಾಗಾದ್ರೆ ಕೊನೆಗೆ ಯಾರ್ಯಾರದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?”

“ಬೇರೆ ಒಂದು ಫಾರಂ ಇದೆ. ಅದರಲ್ಲಿ ಹೆಸರುಗಳು ಇರ್ತವೆ.”

“ಸಾಕು ಬಿಡಿ ಮತ್ತೆ” ಎಂದು ಅವಳು ನಿರಾಳವಾದಳು. ಅಷ್ಟು ಸುಲಭವಾಗಿ ನಂಬಿದ್ದಕ್ಕೆ ಅವನಿಗೆ ಅವಳ ಮೇಲೆಯೇ ಸಿಟ್ಟು ಬಂತು.

ಡ್ರಾಯರಿನಿಂದ ನೋಟ್‌ಬುಕ್ ತೆಗೆದುಕೊಟ್ಟ. ರಟ್ಟಿನ ಮೇಲೆ ಹೆಸರು, ತರಗತಿ, ವಿಷಯ ಎಂದು ಮೂರು ಗೆರೆ ಅಚ್ಚಾಗಿದ್ದವು. ಅವಳು ಯಾವುದನ್ನೂ ತುಂಬಿರಲಿಲ್ಲ. ಸೆರಗಿನಿಂದ ಅದರ ಧೂಳೊರೆಸಿ ಚೀಲಕ್ಕೆ ಹಾಕಿಕೊಂಡಳು. “ಬರ್ತೀನಿ ಸರ್, ನಿಮ್ಮ ಕೆಲಸ ಕೆಡಿಸಿದೆ” ಎಂದು ಹೊರಟಳು. ಮೆಟ್ಟಿಲ ಮೇಲೆ ಕೊಡೆಯ ತುದಿ ಟಕ್ ಟಕ್ ಎಂದು ಇಳಿದು ಹೋಗುವುದು ಕೇಳಿಸಿತು.

ಐದಕ್ಕೆ ಹನ್ನೆರಡು ನಿಮಿಷ. ಕೊನೆಯ ಪುಟ. ಈ ಕೆಲಸದಲ್ಲಿ ಪಾಲುಗೊಂಡ ಎಲ್ಲರ ಹೆಸರೂ ಮೇಲಿದೆ ಎಂದು ದೃಢೀಕರಿಸುತ್ತೇನೆ. ಪಕ್ಕದಲ್ಲಿ ಗುರುತು ಹಾಕಲು ಒಂದು ಪುಟ್ಟ ಚೌಕ. ಮೇಲೆ ಎರಡು ಹೆಸರು, ಅವನದು ಮತ್ತು ಅಲ್ಪವಿರಾಮದವರದು. ಅವುಗಳ ಕೆಳಗೆ, ಲೇಖಕರನ್ನು ಸೇರಿಸಿ ಎಂಬ ಗುಂಡಿ.

ಅದನ್ನು ಅವನು ಒತ್ತಿದ. ಯಾಕೆ ಒತ್ತಿದನೆಂದು ಕೇಳಿದರೆ ಹೇಳಲಾರ. ಬಡ್ತಿ ಹೋಗುತ್ತದೆ, ಮುಖ್ಯಸ್ಥರು ಮುಖ ನೋಡುವುದಿಲ್ಲ, ಎಲ್ಲ ಗೊತ್ತಿತ್ತು. ಪಾಪ, ಎಂದಿದ್ದಳಲ್ಲ, ಅದೊಂದು ಕಿವಿಯಲ್ಲಿತ್ತು. ಖಾಲಿ ಚೌಕ ತೆರೆದುಕೊಂಡಿತು. ಪೂರ್ಣ ಹೆಸರು ಬರೆಯಿರಿ.

ಬೆರಳುಗಳು ಕೀಲಿಗಳ ಮೇಲೆ ಹೋಗಿ ನಿಂತವು. ಹೆಸರು ಬರಲಿಲ್ಲ.

ನಗು ಬಂತು. ಎರಡು ವರ್ಷ ಬರೆದ ಹೆಸರು, ಮಧ್ಯಾಹ್ನ ಇದೇ ಫಾರಂನಲ್ಲೂ ಬರೆದಿದ್ದ ಹೆಸರು. ನಾಲಿಗೆಯ ತುದಿಯಲ್ಲೇ ಇತ್ತು. ಮೊದಲ ಅಕ್ಷರವಾದರೂ? ಮತ್ತೆ ಪ್ರಬಂಧ ತೆರೆದು ಪುಟ ತಿರುವಿದ. ಹೆಸರು ತೆಗೆದಿದೆ. ಹೆಸರು ತೆಗೆದಿದೆ ಅವರ ಪ್ರಕಾರ. ಹೆಸರು ತೆಗೆದಿದೆ ಅವರು ಮುಗುಳ್ನಕ್ಕು. ಅವಳು ಸಹಿ ಹಾಕಿದ ಒಪ್ಪಿಗೆ ಪತ್ರ ಮುಖ್ಯಸ್ಥರ ಬೀರುವಿನಲ್ಲಿತ್ತು. ಮುಖ್ಯಸ್ಥರು ನಾಲ್ಕೂವರೆಗೇ ಮನೆಗೆ ಹೋಗಿರುತ್ತಾರೆ. ಫೋನಿನಲ್ಲಿ ಹುಡುಕಿದ. ‘ನೋಟ್‌ಬುಕ್ ಟೀಚರ್’ ಎಂದಿತ್ತು. ಒತ್ತಿದ. ಸ್ವಿಚ್ ಆಫ್. ಹೆಂಡತಿಗೆ ಮಾಡಿದ.

“ಆ ಟೀಚರ್ ಹೆಸರೇನು?”

“ಯಾವ ಟೀಚರ್?”

“ಅದೇ, ಆ ಟೀಚರ್.”

“ನನ್ನ ಕೇಳ್ತೀರಲ್ರೀ! ನೀವು ಒಂದು ದಿನಾನೂ ಹೆಸರು ಹೇಳಿದ್ದಿಲ್ಲ.”

ಐದಕ್ಕೆ ಆರು ನಿಮಿಷ. ಅವನು ಎದ್ದು ಕಿಟಕಿಗೆ ಓಡಿದ. ಕೆಳಗೆ ತರಬೇತಿ ಮುಗಿದು ಅಂಗಳದ ತುಂಬ ಜನ. ಅದೇ ಬಗೆಯ ಚೀಲ, ಅದೇ ನಡಿಗೆ, ದಿನವಿಡೀ ನಿಂತು ದಣಿದ ಅದೇ ಹೆಗಲುಗಳು. ಅವರ ನಡುವೆ ದಾರಿ ಮಾಡಿಕೊಂಡು ಒಂದು ಕಪ್ಪು ಕೊಡೆ ಗೇಟಿನ ಕಡೆ ಹೋಗುತ್ತಿತ್ತು. ಅವನು ಬಾಯಿ ತೆರೆದ. ಗಂಟಲಿಗೆ ಬಂದದ್ದು ಆ ಎರಡು ಪದಗಳೇ. ಅವನ್ನು ನುಂಗಿಕೊಂಡು, ಕಿಟಕಿಯ ಸರಳು ಹಿಡಿದು, ಇದ್ದಷ್ಟು ಶಕ್ತಿಯಲ್ಲಿ ಕೂಗಿದ.

“ಟೀಚರ್!”

ಅಂಗಳದಲ್ಲಿದ್ದ ನಲವತ್ತು ಮುಖಗಳೂ ಒಟ್ಟಿಗೆ ಮೇಲೆ ತಿರುಗಿದವು.

“ಯಾರ್ನ ಸರ್?” ಎಂದು ಅವರಲ್ಲೊಬ್ಬಳು ಕೇಳಿದಳು.

ಅವನು ಸರಳುಗಳ ಸಂದಿಯಿಂದ ಕೈ ಚಾಚಿ ಬೆರಳು ತೋರಿಸಿದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಗೇಟಿನ ಬಳಿ ಕೊಡೆ ಒಂದು ಗಳಿಗೆ ನಿಂತಿತು. ಕರೆದದ್ದು ತನ್ನನ್ನಲ್ಲ ಎಂದುಕೊಂಡಿರಬೇಕು, ರಸ್ತೆಗೆ ಇಳಿಯಿತು.