ಗೊನ್ಪೊನ ಚಹಾ ಬಟ್ಟಲು

ನಾನು ಒಂದು ಮರದ ಬಟ್ಟಲು. ಟಿಬೆಟ್ಟಿನ ಹಳ್ಳಿಯೊಂದರಲ್ಲಿ ಮರದ ಗಂಟನ್ನು ಕೊರೆದು ನನ್ನನ್ನು ಮಾಡಿದರು. ಬೆಳ್ಳಿಯ ಅಂಚಿಲ್ಲ, ಆದರೂ ಜಂಬಕ್ಕೇನೂ ಕಡಿಮೆಯಿಲ್ಲ. ನಮ್ಮ ಕಡೆ ಒಬ್ಬರ ಬಟ್ಟಲಲ್ಲಿ ಇನ್ನೊಬ್ಬರು ಕುಡಿಯುವುದಿಲ್ಲ. ಹಾಗಾಗಿ ನಾನು ಕುರಿಗಾರ ಗೊನ್ಪೊ ಒಬ್ಬನ ಸ್ವತ್ತು. ಅವನ ನಿಲುವಂಗಿಯೊಳಗೆ, ಎದೆಯ ಬಳಿಯೇ ನನ್ನ ವಾಸ.

ಚೀನಾದ ಕಮ್ಯುನಿಸ್ಟ್ ಸರ್ಕಾರದ ಸೈನಿಕರು ಬಂದ ಮೇಲೆ ಊರಿನ ಮಠಕ್ಕೆ ಬೀಗ ಬಿತ್ತು. ಎದುರು ಮಾತಾಡಿದವರು ಮನೆಗೆ ಮರಳಲಿಲ್ಲ. ಗೊನ್ಪೊ ಹೆದರಿ, ಹೆಂಡತಿ ಪಾಲ್ಮೊಳನ್ನೂ ಎಳೆಮಗಳು ಯಾಂಗ್ಕಿಯನ್ನೂ ಹಿಮದ ದಾರಿ ಹತ್ತಿಸಿದ. ಮುದಿ ತಾಯಿಯನ್ನು ಬಿಟ್ಟು ತಾನು ಹೊರಡುವಂತಿರಲಿಲ್ಲ. ನನ್ನನ್ನು ಪಾಲ್ಮೊಳ ಕೈಗಿಟ್ಟು, "ಇದನ್ನು ತುಂಬಿಸಿಡು. ಕುಡಿಯಲು ಬಂದೇ ಬರುತ್ತೇನೆ" ಎಂದ. ದೂರವಾದವರು ಮರಳಿ ಬರಲೆಂದು ಬಟ್ಟಲು ತುಂಬಿಸಿಡುವುದು ನಮ್ಮವರ ರೂಢಿ.

ಗಡಿ ದಾಟಿದ ನಮ್ಮನ್ನು ಮೈಸೂರು ಸೀಮೆಯ ಬೈಲುಕುಪ್ಪೆಗೆ ಕಳಿಸಿದರು. ಅಲ್ಲಿ ಆಗ ಬರೀ ಕಾಡು, ಆನೆ. ಪಾಲ್ಮೊ ಕಾಡು ಕಡಿದು ಮುಸುಕಿನ ಜೋಳ ಬೆಳೆದಳು, ಮಗಳನ್ನು ಸಾಕಿದಳು. ಎಷ್ಟೇ ದಣಿದಿದ್ದರೂ ಬೆಳಿಗ್ಗೆ ಬೆಣ್ಣೆ, ಉಪ್ಪು ಹಾಕಿದ ಚಹಾ ತುಂಬಿಸಿ ನನ್ನನ್ನು ಖಾಲಿ ಮಣೆಯ ಮುಂದಿಡುತ್ತಿದ್ದಳು. ಎಂಥ ಗಟ್ಟಿಗಿತ್ತಿ! ನನಗೇ ಹೆಮ್ಮೆಯಾಗುತ್ತಿತ್ತು.

ಅವಳ ಜೊತೆ ಹೊಲದಲ್ಲಿ ದುಡಿಯುತ್ತಿದ್ದ ಪಕ್ಕದೂರಿನ ಜವರಮ್ಮ ಒಮ್ಮೆ ಮನೆಯೊಳಗೆ ಬಂದಳು. ಪಿತೃಪಕ್ಷದ ಸಮಯ. ಸತ್ತವರಿಗಿಟ್ಟ ಎಡೆ ಎಂದುಕೊಂಡು, ಚೆಂಡು ಹೂವೊಂದನ್ನು ತಂದು ನನ್ನ ಮುಂದಿಟ್ಟು ಕೈಮುಗಿದಳು.

"ಯಜಮಾನ್ರು ಯಾವಾಗ ತೀರ್ಕೊಂಡ್ರವ್ವಾ?"

ಪಾಲ್ಮೊ ಹೂವನ್ನೆತ್ತಿ ಬಿಸಾಡಿದಳು. ಹೊಲದಲ್ಲಿ ಕಲಿತ ಹರಕು ಕನ್ನಡದಲ್ಲಿ ಕೂಗಿದಳು: "ಸತ್ತಿಲ್ಲ! ಬರ್ತಾನೆ!"

ಜವರಮ್ಮನ ಮುಖ ಸಣ್ಣದಾಯಿತು. "ತಪ್ಪಾಯ್ತು ಕನವ್ವ" ಎಂದು ಪಾಲ್ಮೊಳನ್ನು ತಬ್ಬಿಕೊಂಡು ತಾನೂ ಅತ್ತಳು. ಅಂದಿನಿಂದ ಬಂದಾಗಲೆಲ್ಲ ಮೊದಲು ಒಳಗಿಣುಕಿ, "ಅಣ್ಣ ಬಂದ್ರಾ?" ಎಂದು ಕೇಳುತ್ತಿದ್ದಳು.

ಗೊನ್ಪೊ ಬರಲಿಲ್ಲ. ಸುದ್ದಿಯೂ ಬರಲಿಲ್ಲ. ಇಬ್ಬರು ಗೆಳತಿಯರ ಕೂದಲೂ ನರೆಯಿತು. ಕಳೆದ ಚಳಿಗಾಲದಲ್ಲಿ ಪಾಲ್ಮೊ ತೀರಿಕೊಂಡಳು. ಯಾಂಗ್ಕಿ ತಾಯಿಯ ಫೋಟೊದ ಮುಂದೆ ದೀಪ ಹಚ್ಚಿ, ನನ್ನನ್ನೂ ಅಲ್ಲೇ ಇಡಲು ಹೋದಳು. ಕೋಲೂರಿಕೊಂಡು ಬಂದಿದ್ದ ಜವರಮ್ಮ ಅವಳ ಕೈ ಹಿಡಿದಳು.

"ಅಲ್ಲಿ ಬ್ಯಾಡ ಮಗ. ಅದು ಅಣ್ಣಂದು. ಮಣೆ ಮುಂದ್ಕೆ ಮಡಗು. ಬಿಸೀದು ಹಾಕು, ದೂರದಿಂದ ಬರ್ತಾರೆ."

ಈಗ ನನ್ನ ಅಂಚು ಸೀಳಿದೆ. ಮೂಲೆಯ ಮಣೆಯ ಮುಂದೆ ಕೂತಿದ್ದೇನೆ. ಗೊನ್ಪೊನ ತುಟಿ ನನ್ನನ್ನು ಸೋಕಿ ಎಷ್ಟು ವರ್ಷವಾಯಿತೋ! ಆದರೂ ಈ ಹೆಂಗಸರು ನನ್ನನ್ನು ಒಂದು ದಿನವೂ ಒಣಗಲು ಬಿಡಲಿಲ್ಲ. ಇವತ್ತು ಬೆಳಿಗ್ಗೆಯೂ ಯಾಂಗ್ಕಿ ಚಹಾ ಸುರಿದಳು. ಬಿಸಿಯಾಗಿತ್ತು.